ಮೂರು ಬಾರಿ ಏರುದನಿಯಲ್ಲಿ

ಹಾಸ್ಟೆಲ್, ಕೊಠಡಿ 14
ಆಗಸ್ಟ್ 4

ಅಪ್ಪಾ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಸಾರಿ. ಭಾನುವಾರ ಫೋನಿನಲ್ಲಿ ಮಾತಾಡಿಯಾಯಿತಲ್ಲ, ಮತ್ತೆ ಇದೇನು ಅಂತ ನಿಮಗೆ ಅನ್ನಿಸುತ್ತದೆ. ಫೋನಿನಲ್ಲಿ ನೀವು "ಹ್ಞೂಂ, ಮುಂದೆ?" ಅಂದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆ, ನಿಮ್ಮ ಠಾಣೆಗೆ ದೂರು ಕೊಡಲು ಬಂದವರ ಹಾಗೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಗೇಟಿನ ಪಕ್ಕದ ಫುಟ್‌ಪಾತಿನಲ್ಲಿ ಒಂದು ಇಸ್ತ್ರಿ ಮೇಜು ಇದೆ. ಅದರ ಯಜಮಾನರನ್ನು ನಾವೆಲ್ಲ ಇಸ್ತ್ರಿಯಣ್ಣ ಅನ್ನುತ್ತೇವೆ. ಅವರಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಬಟ್ಟೆ ಕೊಟ್ಟರೆ ಮೇಜಿನ ಅಂಚಿನಲ್ಲಿ ಸೀಮೆಸುಣ್ಣದಿಂದ ರೂಮ್ ನಂಬರ್ ಬರೆದುಕೊಳ್ಳುತ್ತಾರೆ, ಉಳಿದ ಮಾತೆಲ್ಲ ಕೈಯಲ್ಲಿ. ನಾನು ಬಂದ ಮೊದಲ ವಾರ ಯಾರ ಹತ್ತಿರವೂ ಸೇರದೆ ಅಳುಮೋರೆ ಹಾಕಿಕೊಂಡು ಓಡಾಡುತ್ತಿದ್ದೆ. ಅವರು ನನ್ನ ಮುಖದತ್ತ ಬೆರಳು ತೋರಿಸಿ, ಇಸ್ತ್ರಿಪೆಟ್ಟಿಗೆ ಎತ್ತಿ, 'ಇದಕ್ಕೂ ಒಂದು ಕೈ ಎಳೆಯಲಾ' ಅಂತ ಸನ್ನೆ ಮಾಡಿದ್ದರು. ಈ ಊರಿನಲ್ಲಿ ನನ್ನನ್ನು ಮೊದಲು ನಗಿಸಿದವರು ಅವರೇ.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ನಾನು ಲ್ಯಾಬ್ ಕೋಟಿಗಾಗಿ ಅಲ್ಲಿ ನಿಂತಿದ್ದೆ. ಅವರು ರಸ್ತೆಗೆ ಬೆನ್ನು ಹಾಕಿ ನನ್ನ ಕೋಟಿನ ಕಾಲರ್ ತೀಡುತ್ತಿದ್ದರು. ಇಬ್ಬರು ಪೊಲೀಸರು ಫುಟ್‌ಪಾತ್ ಖಾಲಿ ಮಾಡಿಸುತ್ತಾ ಬಂದರು. ಹಣ್ಣಿನ ಗಾಡಿಯವನು ಓಡಿದ, ಚಪ್ಪಲಿ ಹೊಲಿಯುವವನು ಪೆಟ್ಟಿಗೆ ಎತ್ತಿಕೊಂಡ. ಎತ್ತರದ ಪೊಲೀಸ್ ಹಿಂದಿನಿಂದ, "ಏಯ್, ಎತ್ತೋ ಮೇಜು!" ಅಂದ. ಇನ್ನೊಂದು ಸಲ ಅಂದ. ಆಮೇಲೆ ಲಾಠಿಯಿಂದ ಬೆನ್ನಿಗೆ ತಿವಿದ. ಹಾಗೆ ತಿವಿದರೆ ಯಾರು ತಾನೇ ತಿರುಗುವುದಿಲ್ಲ? ಇಸ್ತ್ರಿಯಣ್ಣನೂ ಗಕ್ಕನೆ ತಿರುಗಿದರು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇತ್ತು.

ಅಷ್ಟೇ ಅಪ್ಪಾ, ಅವರು ಮಾಡಿದ್ದು ಅಷ್ಟೇ.

ಮೊದಲ ಏಟು ಮಣಿಕಟ್ಟಿಗೆ ಬಿತ್ತು. ಪೆಟ್ಟಿಗೆ ಕೆಳಗೆ ಬಿದ್ದು ಕೆಂಡ ಚೆಲ್ಲಿತು. ಕಿವಿ ಕೇಳಿಸಲ್ಲ ಅಂತ ಹೇಳಲು ಅವರು ಎರಡೂ ಕೈ ಎತ್ತಿದರು. ಎತ್ತಿದ ಕೈಗಳ ಮೇಲೇ ಹೊಡೆದರು. ಒಂಬತ್ತರವರೆಗೆ ಎಣಿಸಿದೆ. ಆಮೇಲೆ ನನ್ನಿಂದ ಆಗಲಿಲ್ಲ.

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. "ಅವರಿಗೆ ಕಿವಿ ಕೇಳಿಸಲ್ಲ." ಮೂರೇ ಪದ. ನನ್ನ ಬಾಯಿಂದ ಬಂದದ್ದು "ಎಕ್ಸ್‌ಕ್ಯೂಸ್ ಮಿ, ಸರ್". ಅದೂ ಕ್ಲಾಸಿನಲ್ಲಿ ಟಾಯ್ಲೆಟ್ಟಿಗೆ ಹೋಗಲು ಕೇಳುವ ದನಿಯಲ್ಲಿ. ಹನ್ನೊಂದು ವರ್ಷದ ಹಾಸ್ಟೆಲ್ ವಾಸ ಕಲಿಸಿದ್ದು ಅದೊಂದೇ ಇರಬೇಕು.

ಅವರನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ನನಗೆ ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ನೀವು ಮೂವತ್ತು ವರ್ಷದಿಂದ ಪೊಲೀಸ್ ಇಲಾಖೆಯಲ್ಲಿದ್ದೀರಿ, ಠಾಣೆಯ ರೈಟರ್ ಬೇರೆ, ಕೇಸಿನ ಕಾಗದವೆಲ್ಲ ನಿಮ್ಮ ಕೈಯಿಂದಲೇ ಹೋಗುತ್ತದೆ. ನಾನು ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು?

ನಿಮ್ಮ,
ಸಾಸಿವೆ


ಪೊಲೀಸ್ ವಸತಿಗೃಹ
ಆಗಸ್ಟ್ 11

ಚಿ. ಮಗಳಿಗೆ ಆಶೀರ್ವಾದಗಳು.

ವಿಷಯ: ನಿನ್ನ ಆರೋಗ್ಯ ಮತ್ತು ಓದಿನ ಬಗ್ಗೆ.
ಉಲ್ಲೇಖ: ನಿನ್ನ ದಿನಾಂಕ 4ರ ಪತ್ರ.

ನಿನ್ನ ಪತ್ರ ಕೈಸೇರಿ ವಿಷಯ ತಿಳಿಯಿತು. ಮೊದಲನೆಯದಾಗಿ, ಊಟ ಬಿಡಬಾರದು. ಎರಡನೆಯದಾಗಿ, ನೀನು ನೋಡಿರುವುದು ಅರ್ಧ. ಅರ್ಧ ನೋಡಿದವರು ಪೂರ್ತಿ ಮಾತಾಡಬಾರದು. ಕಾದ ಪೆಟ್ಟಿಗೆ ಹಿಡಿದು ಒಬ್ಬ ಗಂಡಸು ಮೈಮೇಲೆ ತಿರುಗಿದರೆ, ಅವನಿಗೆ ಕಿವಿ ಇದೆಯೋ ಇಲ್ಲವೋ ಎಂದು ವಿಚಾರಿಸಲು ಸಿಬ್ಬಂದಿಗೆ ವ್ಯವಧಾನ ಇರುವುದಿಲ್ಲ. ಏಟು ಹೆಚ್ಚಾಗಿರಬಹುದು. ಅದನ್ನು ನೋಡಿಕೊಳ್ಳಲು ಮೇಲಿನವರಿದ್ದಾರೆ. ಮೊದಲ ವರ್ಷದ ವಿದ್ಯಾರ್ಥಿನಿ ಇದರಲ್ಲಿ ತಲೆ ಹಾಕುವ ಅಗತ್ಯವಿಲ್ಲ.

ಇಂತಹ ಪ್ರಕರಣಗಳಲ್ಲಿ ಕಾಗದ ಸರಿಯಾಗಿದ್ದರೆ ಎಲ್ಲರಿಗೂ ಕ್ಷೇಮ. ಆ ಮನುಷ್ಯನಿಗೂ.

ಕಾಲೇಜಿನಲ್ಲಿ ನನ್ನ ಕೆಲಸ ಏನೆಂದು ಹೇಳಿರುವೆ? ತಿಳಿಸುವುದು.

ಇಂತಿ,
ನಿನ್ನ ತಂದೆ

(ಸಾಸಿವೆ, ಇದು ಅಮ್ಮ. ಇವರು ಕಾಗದ ಅಂಟಿಸೋದರೊಳಗೆ ಎರಡು ಸಾಲು ಸೇರಿಸ್ತಿದೀನಿ. ನಿನ್ನ ಪತ್ರ ಎರಡು ಸಲ ಓದಿದರು. ಮೂರನೇ ಸಲ ಓದುವಾಗ ನಾನು ಒಳಗೆ ಬಂದೆ, ಮಡಿಚಿ ಜೇಬಿಗೆ ಹಾಕಿಕೊಂಡರು. ಆ ಮನುಷ್ಯ ಹೇಗಿದಾನೆ?)


ಕೊಠಡಿ 14
ಆಗಸ್ಟ್ 30

ಅಪ್ಪಾ,

ಗುಮಾಸ್ತ ಅಂತ ಹೇಳಿದ್ದೇನೆ. ಸರ್ಕಾರಿ ಗುಮಾಸ್ತ. ಸುಳ್ಳೇನಲ್ಲವಲ್ಲ.

ಅಮ್ಮನಿಗೆ ಹೇಳಿ, ಇಸ್ತ್ರಿಯಣ್ಣನ ಬಲ ಮಣಿಕಟ್ಟು ಎರಡು ಕಡೆ ಮುರಿದಿದೆ, ಎಡಗೈಯ ಮೂರು ಬೆರಳು ಮುರಿದಿವೆ. ಎರಡಕ್ಕೂ ಬಿಳಿ ಕಟ್ಟು ಹಾಕಿದ್ದಾರೆ. ಜಾಮೀನು ಸಿಕ್ಕಿ ಮನೆಗೆ ಬಂದಿದ್ದಾರೆ. ಕೇಸು ಮಾತ್ರ ಅವರ ಮೇಲೇ ಹಾಕಿದ್ದಾರೆ. ಕಾದ ಇಸ್ತ್ರಿಪೆಟ್ಟಿಗೆಯಿಂದ ಪೊಲೀಸರನ್ನು ಕೊಲ್ಲಲು ಬಂದರಂತೆ. ಸಾಬೀತಾದರೆ ಹತ್ತು ವರ್ಷದವರೆಗೂ ಜೈಲು. ಈಗ ಅವರು ಮನೆಯಲ್ಲಿ ಏನೂ ಹೇಳಲಾರದೆ ಕೂತಿದ್ದಾರೆ ಅಪ್ಪಾ. ಅವರ ಮಾತು ಇದ್ದದ್ದೇ ಆ ಕೈಗಳಲ್ಲಿ.

ಅವರ ಅಕ್ಕ ಕಳೆದ ವಾರ ಹಾಸ್ಟೆಲಿಗೆ ಬಂದಿದ್ದರು. ತಮ್ಮನ ಜೊತೆ ಬಟ್ಟೆ ಒಗೆದು ಗಂಜಿ ಹಾಕುವವರು ಅವರೇ. ಯಾರಾದರೂ ಸಾಕ್ಷಿ ಹೇಳುತ್ತೀರಾ ಅಂತ ಒಂದೊಂದು ರೂಮಿನ ಬಾಗಿಲನ್ನೂ ತಟ್ಟಿದರು. ವಾರ್ಡನ್ ಮೇಡಂ ಹಿಂದೆಯೇ ಬಂದು, "ನೋಡಮ್ಮ, ಇವೆಲ್ಲ ಮರ್ಯಾದಸ್ಥರ ಮಕ್ಕಳು, ಕೋರ್ಟು ಗೀರ್ಟು ಅಂತ ಎಳೀಬೇಡ" ಅಂದರು. ಅಕ್ಕ ಅವರ ಸೆರಗನ್ನೇ ನೋಡುತ್ತಾ, "ಈ ಮಡಿಕೆ ನಮ್ಮ ಹುಡುಗ ಹಾಕಿದ್ದಲ್ವಾ ಮೇಡಮ್ಮೋರೇ? ಚೆನ್ನಾಗಿ ನಿಂತಿದೆ. ನಿಮ್ಮ ಮರ್ಯಾದೆ ಅವನು ಎರಡು ವರ್ಷ ಕಾದಿದಾನೆ, ನೀವು ಎರಡು ದಿನ ಅವನದ್ದು ಕಾಯಿರಿ" ಅಂದರು. ಮೇಡಂ ಕೆಳಗಿಳಿದು ಹೋದರು.

ನನ್ನ ರೂಮ್‌ಮೇಟ್ ಇದ್ದಾಳಲ್ಲ, ನಾನು ಗೂಬೆ ಅಂತ ಕರೆಯುವವಳು, ಅವಳು ನನ್ನ ಬೆನ್ನಿಗೆ ಗುದ್ದಿದಳು: "ನೀನೇ ತಾನೇ ನೋಡಿದ್ದು? ಬಾಯಿ ಬಿಡೇ!" ನಾನು ಬಾಗಿಲಾಚೆ ಬಂದು, ನಾನು ನೋಡಿದೆ ಅಂದೆ. ಈ ಸಲ ಕನ್ನಡದಲ್ಲೇ ಬಂತು.

ಅಕ್ಕನಿಗೆ ಓದಲು ಬರುವುದಿಲ್ಲ. ಮೆಟ್ಟಿಲ ಮೇಲೆ ಕೂತು ಪೊಲೀಸ್ ವರದಿಯ ನಕಲನ್ನು ನನ್ನ ಕೈಗೆ ಕೊಟ್ಟು, "ಏನು ಬರೆದಿದಾರೆ ಜೋರಾಗಿ ಓದು" ಅಂದರು. ಓದಿದೆ. ಮೊದಲ ಪುಟದ ಕೊನೆಯಲ್ಲಿ ಹೀಗಿತ್ತು: "ಸದರಿ ವ್ಯಕ್ತಿಗೆ ಮೂರು ಬಾರಿ ಏರುದನಿಯಲ್ಲಿ ಎಚ್ಚರಿಕೆ ನೀಡಿದಾಗ್ಯೂ, ಆತನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ..." ಅಲ್ಲಿಗೆ ಪುಟ ಮುಗಿಯಿತು. ನನ್ನ ಬಾಯಿ ನಿಲ್ಲಲಿಲ್ಲ. "...ಅವಾಚ್ಯ ಶಬ್ದಗಳಿಂದ ನಿಂದಿಸುತ್ತಾ ಸಿಬ್ಬಂದಿಯ ಮೇಲೆರಗಲು, ಕನಿಷ್ಠ ಬಲ ಪ್ರಯೋಗವು ಅನಿವಾರ್ಯವಾಗಿ, ಆ ಸಮಯದಲ್ಲಿ ಆತನು ತಾನಾಗಿಯೇ ಆಯತಪ್ಪಿ ಬಿದ್ದು ಗಾಯಗೊಂಡನು."

"ಪುಟ ತಿರುಗಿಸದೇ ಓದ್ತಿದೀಯಲ್ಲ, ಕಣ್ಣಿಗೆ ಏನು ಹಚ್ಚಿಕೊಂಡಿದೀಯ?" ಅಂದರು ಅಕ್ಕ.

ಪುಟ ತಿರುಗಿಸಿದೆ. ಅದೇ ಇತ್ತು. ಒಂದು ಅಕ್ಷರ ಆಚೀಚೆ ಇಲ್ಲ.

ಅಕ್ಕ ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು. "ಅವಾಚ್ಯ ಅಂದ್ರೆ ಬೈಗುಳ ತಾನೇ? ನಲವತ್ತು ವರ್ಷ ಆಯ್ತು, ಒಂದೇ ಒಂದು ಸಲ 'ಅಕ್ಕಾ' ಅಂತ ಕರೀಲಿಲ್ಲ ಅವನು ನನ್ನ. ಪೊಲೀಸರನ್ನ ಕಂಡು ಬೈಗುಳ ಬಂದುಬಿಡ್ತಾ? ಯಾವ ಬೈಗುಳ ಅಂತ ಬರೆದಿದಾರೆ ನೋಡು, ನಾನೂ ಕೇಳಿಸ್ಕೋಬೇಕು." ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಿಮಗೆ ನೆನಪಿದೆಯಾ ಅಪ್ಪಾ, ರಜೆಗೆ ಬಂದಾಗಲೆಲ್ಲ ಇಂಗ್ಲಿಷ್ ಹಾಸ್ಟೆಲಿನಲ್ಲಿ ನನ್ನ ಕನ್ನಡ ಕೆಟ್ಟುಹೋಗಿದೆ ಅಂತ ದಿನಕ್ಕೊಂದು ಪುಟ ಶುದ್ಧಬರಹ ಬರೆಸುತ್ತಿದ್ದಿರಿ. ಕಥೆ ಪುಸ್ತಕ ಮನೆಯಲ್ಲಿರಲಿಲ್ಲ. ನಿಮ್ಮ ಹಸಿರು ರಟ್ಟಿನ ಕಡತ ಇತ್ತು. ಇಲಾಖೆಯ ಹೊಸಬರಿಗೆ ತೋರಿಸಲು ನೀವು ಇಟ್ಟುಕೊಂಡಿದ್ದ ಮಾದರಿ ವರದಿಗಳು. "ಏರುದನಿ" ಅಂದರೇನು ಅಂತ ಎಂಟನೇ ವಯಸ್ಸಿನಲ್ಲಿ ಕೇಳಿದ್ದೆ. ನೀವು ಅಡುಗೆಮನೆಯಲ್ಲಿದ್ದ ಅಮ್ಮನನ್ನು ಮೂರು ಸಲ ಕೂಗಿ ತೋರಿಸಿದ್ದಿರಿ. ಅಮ್ಮ ಸೌಟು ಹಿಡಿದೇ ಓಡಿ ಬಂದಿದ್ದಳು, ಮೂವರೂ ನಕ್ಕಿದ್ದೆವು.

ಆ ಸಾಲು ನಿಮ್ಮದು. ಇಲ್ಲಿಗೆ ಹೇಗೆ ಬಂತು?

ನಿಮ್ಮ,
ಸಾಸಿವೆ


ಕೊಠಡಿ 14
ಸೆಪ್ಟೆಂಬರ್ 22

ಅಪ್ಪಾ,

ಮೂರು ವಾರವಾಯಿತು. ಭಾನುವಾರದ ಫೋನನ್ನೂ ಅಮ್ಮನೇ ಎತ್ತುತ್ತಾಳೆ. "ಅಪ್ಪ ಸ್ನಾನ ಮಾಡ್ತಿದಾರೆ" ಅಂತಾಳೆ. ನಾಲ್ಕು ಭಾನುವಾರದಿಂದ ಒಂದೇ ಸ್ನಾನ.

ನೀವು ಉತ್ತರ ಕೊಡದಿದ್ದರೂ ಇಲ್ಲಿ ಕೆಲಸ ನಿಂತಿಲ್ಲ. ಗೂಬೆಗೆ ಒಂದು ಐಡಿಯಾ ಬಂತು. ಇಸ್ತ್ರಿಯಣ್ಣ ಮತ್ತೆ ಮೇಜು ಹಾಕುವವರೆಗೆ ಹಾಸ್ಟೆಲಿನಲ್ಲಿ ಯಾರೂ ಇಸ್ತ್ರಿ ಮಾಡಿದ ಬಟ್ಟೆ ಹಾಕುವಂತಿಲ್ಲ. ಮೊದಲ ದಿನ ಹನ್ನೊಂದು ಜನ ಇದ್ದೆವು. ಬೇಕಂತಲೇ ಒದ್ದೆಯಲ್ಲೇ ಮುದ್ದೆ ಮಾಡಿ ಒಣಗಿಸಿದ ಲ್ಯಾಬ್ ಕೋಟುಗಳು. ಪ್ರಾಕ್ಟಿಕಲ್ ಮೇಷ್ಟ್ರು ನನ್ನನ್ನು ನಿಲ್ಲಿಸಿ, "ಏನಮ್ಮಾ, ಹಸು ಅಗಿದು ಉಗುಳಿದ ಹಾಗಿದೆ?" ಅಂದರು. ನಾನು ಹೇಳಿದೆ, "ಇಸ್ತ್ರಿ ಮಾಡೋರ ಕೈಯನ್ನ ಪೊಲೀಸರು ಮುರಿದಿದಾರೆ ಸರ್, ಕಟ್ಟು ಬಿಚ್ಚೋವರೆಗೆ ಹೀಗೇ." ಮಾರನೇ ದಿನ ಅರವತ್ತು ಜನ. ಐದನೇ ದಿನ ಪ್ರಾಕ್ಟಿಕಲ್ ಮೇಷ್ಟ್ರ ಶರ್ಟೂ ಸುಕ್ಕುಸುಕ್ಕಾಗಿತ್ತು. ಅವರ ಮನೆಯವರು ಎಷ್ಟು ಬೈದರೋ ಪಾಪ. ಪೇಪರಿನವರು ಬಂದು ಫೋಟೋ ತೆಗೆದರು. ನಾನು ಎರಡನೇ ಸಾಲಿನಲ್ಲಿದ್ದೇನೆ, ಕತ್ತು ಬಗ್ಗಿಸಿದ್ದೇನೆ.

ಇನ್ನೊಂದು ವಿಷಯ. ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. ನಮ್ಮಪ್ಪ ಗುಮಾಸ್ತ ಅಲ್ಲ, ಠಾಣೆ ರೈಟರ್ ಅಂದೆ. ಆ ಸಾಲು ಅವರದ್ದು ಅಂತಲೂ ಹೇಳಿದೆ. ಹೊಡೆಯುತ್ತಾರೇನೋ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅಕ್ಕ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಹಂಗಾದ್ರೆ ಅದು ಸುಳ್ಳು ಅಂತ ಗೊತ್ತಿರೋ ಮನುಷ್ಯ ಒಬ್ಬ ಇದಾನೆ" ಅಂದರು. "ಒಳ್ಳೇದೇ ಆಯ್ತು. ಬದುಕಿದಾನೆ ತಾನೇ?"

ಬದುಕಿದ್ದಾರೆ ಅಂದೆ.

ಇಸ್ತ್ರಿಯಣ್ಣನ ಪರವಾಗಿ ಕೇಸು ನಡೆಸುತ್ತಿರುವ ವಕೀಲಮ್ಮ ಹೇಳುವುದು ಹೀಗೆ. ಪೊಲೀಸರ ಕಡೆಯವರು, ಬೈದ ಅನ್ನುವ ಒಂದು ಮಾತು ಕೈತಪ್ಪಿನಿಂದ ಸೇರಿದೆ, ಮೇಲೆರಗಿದ್ದು, ತಾನಾಗಿ ಬಿದ್ದದ್ದು ಎಲ್ಲ ನಿಜ ಅನ್ನುತ್ತಾರೆ. ಆ ಇಡೀ ಪ್ಯಾರಾ ಘಟನೆ ನಡೆಯುವುದಕ್ಕೆ ಎಷ್ಟೋ ವರ್ಷ ಮೊದಲೇ ಬರೆದಿಟ್ಟದ್ದು ಅಂತ ತೋರಿಸಿದರೆ ಮಾತ್ರ ಕೇಸು ಬಿದ್ದುಹೋಗುತ್ತದೆ. ನನ್ನ ನೆನಪು ಪುರಾವೆ ಆಗುವುದಿಲ್ಲ. ನನ್ನ ಶುದ್ಧಬರಹದ ಪುಸ್ತಕಗಳನ್ನು ಅಮ್ಮ ಎಂದೋ ರದ್ದಿಗೆ ಹಾಕಿದ್ದಾಳೆ. ಹಸಿರು ಕಡತ ನಿಮ್ಮ ಹತ್ತಿರ ಇದೆ.

ನಿಮ್ಮ ಮಗಳು


ಪೊಲೀಸ್ ವಸತಿಗೃಹ
ಅಕ್ಟೋಬರ್ 1

ವಿಷಯ: ಕಚೇರಿ ಕಡತದ ಬಗ್ಗೆ.
ಉಲ್ಲೇಖ: ನಿನ್ನ ದಿನಾಂಕ 30 ಮತ್ತು 22ರ ಪತ್ರಗಳು.

ಕಚೇರಿಯ ಕಾಗದಪತ್ರಗಳ ಬಗ್ಗೆ ಹೊರಗಿನವರೊಂದಿಗೆ ಚರ್ಚಿಸುವುದು ತಪ್ಪು. ಅದನ್ನು ಪತ್ರದಲ್ಲಿ ಬರೆಯುವುದು ಇನ್ನೂ ದೊಡ್ಡ ತಪ್ಪು. ನಿನಗೆ ತಿಳಿಯದೆ ಆಗಿದೆ ಎಂದು ಭಾವಿಸಿದ್ದೇನೆ.

ಪೇಪರಿನಲ್ಲಿ ನಿನ್ನ ಫೋಟೋ ನೋಡಿದೆ. ನಮ್ಮ ಇನ್ಸ್‌ಪೆಕ್ಟರ್ ಸಾಹೇಬರೂ ನೋಡಿದರು. "ರೈಟರೇ, ಇದು ನಿಮ್ಮ ಹುಡುಗಿಯಲ್ಲವೇ? ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇಲ್ಲವೇನು?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನ ನಿವೃತ್ತಿಗೆ ನಾಲ್ಕು ತಿಂಗಳಿದೆ. ಈ ಮೂವತ್ತು ವರ್ಷದಲ್ಲಿ ನಾನು ಯಾರ ಮೇಲೂ ಕೈ ಮಾಡಿದವನಲ್ಲ. ಒಂದು ಏಟು ಸಹ ಹಾಕಿಲ್ಲ. ನಿನಗೆ ಇದು ಗೊತ್ತಿರಬೇಕು. ನೀನು ಓದಿದ್ದು, ಉಂಡದ್ದು ನನ್ನ ಕೈಬರಹದಿಂದ.

ಈ ವಿಷಯವಾಗಿ ಇನ್ನು ಪತ್ರ ಬೇಡ.

ನಿನ್ನ ತಂದೆ


ಕೊಠಡಿ 14
ಅಕ್ಟೋಬರ್ 9

ಅಪ್ಪಾ,

ಬೇಡ ಅಂದಿರಿ, ಬರೆಯುತ್ತಿದ್ದೇನೆ.

ನಿಮ್ಮ ಪತ್ರ ಬಂದ ದಿನ ನನಗೆ ಜ್ವರ ಬಂತು. ನಿಜವಾಗಿ. ಟೆನ್ಷನ್ನಿಗೆ ನನಗೆ ಮೈ ಕಾಯುತ್ತದೆ ಅಂತ ನಿಮಗೇ ಗೊತ್ತು, ಪರೀಕ್ಷೆ ದಿನವೆಲ್ಲ ಹಾಗೇ ಆಗುತ್ತಿತ್ತು. ಹೊದ್ದುಕೊಂಡು ಮಲಗಿ ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ನೀವು ಯಾರನ್ನೂ ಹೊಡೆದಿಲ್ಲ ಅನ್ನುವುದು ನಿಜ. ನನಗೂ ಒಂದೇಟು ಹಾಕಿದವರಲ್ಲ ನೀವು. ಆದರೆ ಆ ಎತ್ತರದ ಪೊಲೀಸ್ ಹೊಡೆಯುವಾಗ ಒಂಚೂರೂ ಹೆದರಿಕೊಂಡಿರಲಿಲ್ಲ. ನಾನು ಅವನ ಮುಖ ನೋಡಿದ್ದೇನೆ. ರಸ್ತೆ ತುಂಬ ಜನ, ಹಾಡಹಗಲು, ಹಾಸ್ಟೆಲಿನ ಅಷ್ಟೂ ಕಿಟಕಿ ತೆರೆದಿದ್ದವು. ಅವನಿಗೆ ಯಾಕೆ ಹೆದರಿಕೆ ಆಗಲಿಲ್ಲ? ಠಾಣೆಗೆ ಹೋದರೆ ಕಾಗದ ಸಿದ್ಧವಾಗಿದೆ ಅಂತ ಅವನಿಗೆ ಗೊತ್ತಿತ್ತು.

ನಾನು ಉಂಡದ್ದು ನಿಮ್ಮ ಕೈಬರಹದಿಂದ ಅಂದಿರಿ. ಹೌದು. ನನ್ನ ಕನ್ನಡವೂ ಅದರಿಂದಲೇ ಬಂದದ್ದು. 'ಅಪ್ಪ', 'ಅಮ್ಮ' ಅನ್ನುವುದು ಬಿಟ್ಟರೆ ನಾನು ಸರಿಯಾಗಿ ಬರೆಯಲು ಕಲಿತ ಮೊದಲ ಸಾಲು ಅದು. ಸುಮ್ಮನಿರಲು ನನಗೆ ಆಗದಿರುವುದು ಅದಕ್ಕೇ.

ಸುಕ್ಕು ಬಟ್ಟೆಯ ಗಲಾಟೆ ದೊಡ್ಡದಾಗಿ ಸರ್ಕಾರ ಒಬ್ಬ ನಿವೃತ್ತ ನ್ಯಾಯಾಧೀಶರ ಕೆಳಗೆ ವಿಚಾರಣಾ ಸಮಿತಿ ನೇಮಿಸಿದೆ. ಬಹಿರಂಗ ವಿಚಾರಣೆ, ಪುರಭವನದಲ್ಲಿ, ನವೆಂಬರ್ 12ಕ್ಕೆ. ಬಾಗಿಲು ತೆರೆದಿಟ್ಟೇ ನಡೆಸುತ್ತಾರಂತೆ, ಯಾರು ಬೇಕಾದರೂ ಕೂತು ಕೇಳಬಹುದು. ಬರಲಾಗದವರು 8ರೊಳಗೆ ಬರಹದಲ್ಲಿ ಕಳಿಸಬಹುದು. ನಾನು ಹೆಸರು ಕೊಟ್ಟಿದ್ದೇನೆ. ವಾರ್ಡನ್ ಮೇಡಂ ಕರೆದು, "ನಿಮ್ಮ ತಂದೆ ಪೊಲೀಸ್ ಅಂತೆ, ಅವರಿಗೆ ಗೊತ್ತಾ ಇದು?" ಅಂದರು. ಗೊತ್ತು ಅಂದೆ. "ಏನಂದ್ರು?" ಅಂದರು. ಬೇಡ ಅಂದ್ರು ಅಂದೆ. ಮೇಡಂ ಪೆನ್ನು ತಿರುಗಿಸುತ್ತಾ, "12ನೇ ತಾರೀಕು ಹಾಜರಾತಿ ನಾನು ನೋಡ್ಕೋತೀನಿ, ಹೋಗಿ ಬಾ" ಅಂದರು. ಜನ ಒಂದೊಂದು ಸಲ ಹೀಗೂ ಇರುತ್ತಾರೆ ಅಪ್ಪಾ.

ಆ ಸಾಲನ್ನು ನೀವು ಯಾವಾಗ ಬರೆದಿರಿ, ಯಾರ ಬಗ್ಗೆ ಬರೆದಿರಿ? ಮಾದರಿ ಆಗುವುದಕ್ಕೆ ಮೊದಲು ಅದು ಯಾರದ್ದೋ ಕಥೆ ಆಗಿರಲೇಬೇಕಲ್ಲ. ಅದನ್ನೊಂದು ಹೇಳಿ.

ನಿಮ್ಮ ಮಗಳು


ಪೊಲೀಸ್ ವಸತಿಗೃಹ
ಅಕ್ಟೋಬರ್ 26

ಮಗಳೇ,

ಇದಕ್ಕೆ ವಿಷಯ, ಉಲ್ಲೇಖ ಹಾಕಲು ಬರುವುದಿಲ್ಲ.

ನೀನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು. ನಾನು ರೈಟರ್ ಮೇಜಿಗೆ ಹೊಸಬ. ಠಾಣೆಯ ಎದುರಿನ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕ ಇರುತ್ತಿದ್ದ. ಬುದ್ಧಿ ಸ್ವಲ್ಪ ಜಾರಿತ್ತು. ಕಂಡವರನ್ನೆಲ್ಲ "ಸ್ವಾಮೀ" ಅನ್ನುತ್ತಿದ್ದುದರಿಂದ ನಾವೂ ಅವನನ್ನು ಸ್ವಾಮಿತಾತ ಅನ್ನುತ್ತಿದ್ದೆವು. ನಾಯಿಗೂ ಸ್ವಾಮೀ ಅನ್ನುತ್ತಿದ್ದ. ಕೆಟ್ಟ ಮಾತು ಅವನ ಬಾಯಲ್ಲಿ ನಾನು ಕೇಳಿಲ್ಲ. ಬೆಳಿಗ್ಗೆ ಠಾಣೆ ಬಾಗಿಲಿಗೆ ಬಂದು ಒಂದು ಲೋಟ ನೀರು ಕೇಳುವನು. ಕೊಡುತ್ತಿದ್ದವನು ನಾನೇ. ಕೈಯಲ್ಲಿ ಪೆನ್ನು ನೋಡಿ ನನ್ನನ್ನು "ಮೇಷ್ಟ್ರು ಸ್ವಾಮೀ" ಎಂದು ಕರೆಯುತ್ತಿದ್ದ.

ಒಂದು ದಿನ ಯಾರೋ ದೊಡ್ಡವರು ಆ ದಾರಿಯಲ್ಲಿ ಬರುವವರಿದ್ದರು. ನಿಲ್ದಾಣ ಖಾಲಿ ಮಾಡಿಸಲು ಹೇಳಿದರು. ತಾತ ಏಳಲಿಲ್ಲ. ನಮ್ಮವರು ಒಳಗೆ ಎಳೆದು ತಂದರು. ಹಿಂದಿನ ಕೋಣೆಯಲ್ಲಿ ಹೊಡೆದರು. ನಾನು ಮೇಜಿನಲ್ಲಿದ್ದೆ. ಗೋಡೆ ತೆಳು. "ಮೇಷ್ಟ್ರು ಸ್ವಾಮೀ" ಎಂದು ಕೂಗಿದ್ದು ನನಗೆ ಕೇಳಿಸಿತು. ಎದ್ದು ಹೋಗಲಿಲ್ಲ. ಆರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಗುರುತು ಪತ್ತೆಯಾಗದ ವ್ಯಕ್ತಿ ಎಂದು ಮಣ್ಣು ಮಾಡಿದರು. ಗುರುತು ಠಾಣೆಯಲ್ಲಿ ಎಲ್ಲರಿಗೂ ಇತ್ತು.

ಆಗಿನ ಸಾಹೇಬರು ನನ್ನನ್ನು ಕರೆದು, "ನಿನ್ನ ಬರಹ ಚೆನ್ನಾಗಿದೆಯಂತೆ, ಹೊಡೆದ ಮೂರು ಜನರ ಸಂಸಾರ ನಿನ್ನ ಪೆನ್ನಿನಲ್ಲಿದೆ" ಎಂದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು ಆ ಪ್ಯಾರಾ ಬರೆದೆ. ನಾಲ್ಕು ಸಲ ಹರಿದು ಹಾಕಿದೆ. ಮೂರು ಬಾರಿ ಯಾರೂ ಎಚ್ಚರಿಸಿರಲಿಲ್ಲ, ಒಂದು ಬಾರಿಯೂ ಇಲ್ಲ. ಮೂರು ಎಂದರೆ ನಂಬುವಂತೆ ಇರುತ್ತದೆ ಎಂದು ಹಾಕಿದೆ. ಬೈಗುಳ ನಾನೇ ಅವನ ಬಾಯಿಗೆ ಇಟ್ಟೆ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ತರಬೇತಿಯಲ್ಲಿ ಅದನ್ನು ಓದಿ ಹೇಳಿದರು, ಬೇರೆ ಠಾಣೆಯವರು ನಕಲು ಮಾಡಿಕೊಂಡರು. ಈಗ ಕಂಪ್ಯೂಟರಿನಲ್ಲಿದೆ. ದಿನಾಂಕ, ಸ್ಥಳ, ಹೆಸರು ತುಂಬಿದರೆ ಸಾಕು. ಎಷ್ಟು ಊರಿನಲ್ಲಿ, ಎಷ್ಟು ಜನರ ಮೇಲೆ ಅದು ಹೋಗಿದೆ ಎಂದು ನನಗೆ ಗೊತ್ತಿಲ್ಲ. ಒಳ್ಳೆಯ ಭಾಷೆ ಎಂದು ಹೊಗಳುವಾಗ ನನಗೆ ಹೆಮ್ಮೆಯಾಗುತ್ತಿತ್ತು. ಅದನ್ನೂ ಬರೆದುಬಿಡುತ್ತೇನೆ. ಹೆಮ್ಮೆಗೇ ನಿನ್ನಿಂದ ಬರೆಸಿದ್ದು.

ಇದನ್ನು ನಿನ್ನ ಅಮ್ಮನಿಗೂ ಹೇಳಿರಲಿಲ್ಲ. ಇವತ್ತು ನಿನಗೆ ಹೇಳಿದೆ, ಎದೆ ಸ್ವಲ್ಪ ಹಗುರಾಯಿತು. ಓದಿದ ಮೇಲೆ ಈ ಪತ್ರ ಹರಿದು ಹಾಕು. ನಿನ್ನ ಮನಸ್ಸಿನಲ್ಲಿ ಇರಲಿ.

ಅಪ್ಪ


ಕೊಠಡಿ 14
ಅಕ್ಟೋಬರ್ 30

ಅಪ್ಪಾ,

ಹರಿದು ಹಾಕಿಲ್ಲ.

ನಿಮ್ಮ ಪತ್ರವನ್ನು ಕಾಲೇಜಿನ ಹಿಂದಿನ ಕಟ್ಟೆಯಲ್ಲಿ ಕೂತು ಓದಿದೆ. ಎದ್ದಾಗ ಕ್ಲಾಸು ಮುಗಿದು ಎಲ್ಲರೂ ಹೋಗಿದ್ದರು. ತುಂಬ ಅತ್ತೆ. ತಾತನಿಗಾಗಿ ಅತ್ತೆನೋ ನಿಮಗಾಗಿ ಅತ್ತೆನೋ ಗೊತ್ತಿಲ್ಲ. ಅವನು ಕೂಗಿದಾಗ ಎದ್ದು ಹೋಗದೆ ಕೂತಿದ್ದವರು ನೀವು. ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದವಳು ನಾನು. ನಿಮ್ಮನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಆದರೂ ನೀವು ಕೇಳಿದ್ದು ನನ್ನಿಂದ ಆಗುವುದಿಲ್ಲ. ನನ್ನ ಮನಸ್ಸಿನಲ್ಲಿ ಇರಲಿ ಅಂತೀರಿ. ನನ್ನ ಮನಸ್ಸಿನಲ್ಲಿ ಇದ್ದು ಅದು ಯಾರಿಗೆ ಏನು ಮಾಡುತ್ತದೆ? ನನಗೆ ಹೇಳಿ ನಿಮ್ಮ ಎದೆ ಹಗುರಾಯಿತು. ಇಸ್ತ್ರಿಯಣ್ಣನ ಮೇಲಿನ ಕೇಸು ಹಗುರಾಗಲಿಲ್ಲ. ಎಲ್ಲೋ ಒಂದು ಠಾಣೆಯಲ್ಲಿ ಈ ಹೊತ್ತಿಗೂ ಯಾರೋ ಕಂಪ್ಯೂಟರಿನ ಮುಂದೆ ಕೂತು ಹೆಸರು, ಸ್ಥಳ, ದಿನಾಂಕ ತುಂಬುತ್ತಿರಬಹುದು.

ವಕೀಲಮ್ಮನಿಗೆ ನಿಮ್ಮ ಪತ್ರ ತೋರಿಸಿಲ್ಲ. ತೋರಿಸಿದರೆ ಅವರು ಕೈಯಿಂದ ಬಿಡುವುದಿಲ್ಲ ಅಂತ ಗೊತ್ತು. ಜೆರಾಕ್ಸ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತಿದ್ದೆ. ಅಂಗಡಿಯವನು, "ಎಷ್ಟು ಕಾಪಿ?" ಅಂತ ಕೈ ಚಾಚಿದ. ಯಾವುದೂ ಬೇಡ ಅಂತ ಬಂದುಬಿಟ್ಟೆ. ಮಗಳು ಅಪ್ಪನ ಪತ್ರ ಕದ್ದು ಕೊಟ್ಟಳು ಅಂತ ಆಗಬಾರದು. ಕಳ್ಳತನದಿಂದ ಹೊರಬಂದರೆ ಅದಕ್ಕೆ ಏನು ಬೆಲೆ? ನೀವು ಕೊಡಬೇಕು.

ಅದಕ್ಕೇ ನಿಮ್ಮ ಪತ್ರವನ್ನು ಇದರ ಜೊತೆ ಇಟ್ಟು ವಾಪಸ್ ಕಳಿಸುತ್ತಿದ್ದೇನೆ. ಒಂದು ಅಕ್ಷರ ತಿದ್ದಬೇಕಾಗಿಲ್ಲ ಅಪ್ಪಾ, ನೀವು ಬರೆದ ಎಲ್ಲ ವರದಿಗಳಿಗಿಂತ ಚೆನ್ನಾಗಿದೆ. ಮೇಲಿನ "ಮಗಳೇ" ಅನ್ನುವುದನ್ನು ಹೊಡೆದು "ವಿಚಾರಣಾ ಸಮಿತಿಗೆ" ಅಂತ ಬರೆಯಿರಿ. ಕೆಳಗಿನ "ಅಪ್ಪ" ಅನ್ನುವುದನ್ನು ಹೊಡೆದು ನಿಮ್ಮ ಪೂರ್ತಿ ಹೆಸರು, ಹುದ್ದೆ, ಠಾಣೆ ಹಾಕಿ ಸಹಿ ಮಾಡಿ. ಹಸಿರು ಕಡತ ಜೊತೆಗಿರಲಿ. ವಿಳಾಸ ಬರೆದ ಲಕೋಟೆ ಒಳಗಿದೆ. ನೀವೇ ಬಂದು ಹೇಳಿದರೆ ನಾನು ಪಕ್ಕದಲ್ಲೇ ಕೂರುತ್ತೇನೆ.

ಇನ್ಸ್‌ಪೆಕ್ಟರ್ ಸಾಹೇಬರು ನಗುವುದಿಲ್ಲ ಈ ಸಲ, ಗೊತ್ತು. ಇನ್ನೂ ಮೂರು ತಿಂಗಳು ಅವರೆಲ್ಲರ ನಡುವೆ ನೀವು ಕೂತಿರಬೇಕು, ಅದೂ ಗೊತ್ತು. ಅಮ್ಮನಿಗೆ ನಿನ್ನೆ ಫೋನಿನಲ್ಲಿ ಎಲ್ಲ ಹೇಳಿದೆ. ನೀವು ಹೇಳುತ್ತೀರಿ ಅಂತ ಕಾದರೆ ಇನ್ನೂ ಇಪ್ಪತ್ತು ವರ್ಷ ಆಗುತ್ತದೆ. ಅಮ್ಮ, "ಆ ತಾತನಿಗೆ ನಾನೂ ಎಷ್ಟೋ ಸಲ ಅನ್ನ ಹಾಕಿದೀನಿ ಕಣೇ. ಊರಿಗೆ ಹೋದ ಅಂದಿದ್ದರು ಇವರು" ಅಂದಳು.

ನೀವು ಏನು ಮಾಡಿದರೂ 12ನೇ ತಾರೀಕು ನಾನು ಪುರಭವನದಲ್ಲಿ ನಿಂತು ಹೇಳುತ್ತೇನೆ. ಒಂಬತ್ತು ಏಟು ಎಣಿಸಿದೆ ಅಂತ ಹೇಳುತ್ತೇನೆ. ಕಿವಿ ಕೇಳಿಸದವರಿಗೆ ಹೊಡೆಯುವಾಗ ಸುಮ್ಮನೆ ನಿಂತಿದ್ದೆ ಅಂತ ಹೇಳುತ್ತೇನೆ. ಆ ವರದಿಯ ಸಾಲು ನಮ್ಮಪ್ಪ ಬರೆದದ್ದು, ನನಗೆ ಎಂಟನೇ ವಯಸ್ಸಿನಿಂದ ಬಾಯಿಪಾಠ, ಬೇಕಾದರೆ ಇಲ್ಲೇ ಒಪ್ಪಿಸುತ್ತೇನೆ ಅಂತಲೂ ಹೇಳುತ್ತೇನೆ. ಅವರು ನಂಬದೇ ಇರಬಹುದು. ದನಿ ಹೊರಡುತ್ತದೋ ಇಲ್ಲವೋ ಗೊತ್ತಿಲ್ಲ. ಗೂಬೆ ಮುಂದಿನ ಸಾಲಿನಲ್ಲಿ ಕೂತು ಕೆಕ್ಕರಿಸಿ ನೋಡುತ್ತೇನೆ ಅಂದಿದ್ದಾಳೆ. ಅಕ್ಕ ತಮ್ಮನನ್ನು ಕರೆದುಕೊಂಡು ಬರುತ್ತಾರೆ. ಅಷ್ಟು ನನ್ನ ಕೆಲಸ. ತಾತನ ವಿಷಯ ನಿಮ್ಮನ್ನು ಬಿಟ್ಟು ಈ ಭೂಮಿಯ ಮೇಲೆ ಹೇಳುವವರು ಬೇರೆ ಯಾರೂ ಇಲ್ಲ. ಅದನ್ನು ನಾನು ಹೇಳುವುದಿಲ್ಲ.

8ನೇ ತಾರೀಕಿನೊಳಗೆ ಸಮಿತಿಗೆ ತಲುಪಬೇಕು, ಟಪಾಲಿಗೆ ಮೂರು ದಿನ ಹಿಡಿಯುತ್ತದೆ. ಕಳಿಸುತ್ತೀರಾ ಇಲ್ಲವಾ, ನನಗೆ ಒಂದು ಸಾಲು ಬರೆದು ತಿಳಿಸಿ. ಬೇಗ ಬರೆಯಿರಿ.

ನಿಮ್ಮ,
ಸಾಸಿವೆ